‘ಸೇಲ್’ ತಡೆಯಲು ಹೋಗಿ ಒಂದು ಲಾರಿ ಲೋಡ್ ಬೇಳೆಯ ಆರ್ಡರ್ ಕಳೆದುಕೊಂಡೆ

ಅಂಗಡಿ, ಮಿಲ್ಲಿನ ಹೆಸರಲ್ಲಿ ಸ್ವಂತ ಇ-ಮೇಲ್ ಇಟ್ಟುಕೊಂಡವರು, ಅದರ ಫಿಲ್ಟರ್‌ಗೆ ನೀವೇ ಕೈ ಹಾಕಿದ್ದರೆ, ಇದನ್ನು ಓದಿ. ಬೇರೆ ಯಾರದ್ದೂ ತಪ್ಪಿಲ್ಲ, ಪೂರ್ತಿ ನನ್ನದೇ.

ನಾನು ಕಲಬುರಗಿಯ ಒಂದು ದಾಲ್ ಮಿಲ್ಲಿನಲ್ಲಿ ಆಫೀಸು ನೋಡಿಕೊಳ್ಳುತ್ತೇನೆ. ಲೆಕ್ಕ, ಬಿಲ್ಲು, ಮೇಲ್ ಎಲ್ಲಾ ನನ್ನ ತಲೆ ಮೇಲೆ. ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಊರಿನ ಹೆಸರಿನ ಅಧಿಕೃತ ಗುರುತು, ಸಿಕ್ಕಿದೆ. ದೂರದವರೂ ವೆಬ್‌ಸೈಟ್ ನೋಡಿ ಭಾವ ಕೇಳುತ್ತಾರೆ. ಆದರೆ ವೆಬ್‌ಸೈಟಿನಲ್ಲಿ ವಿಳಾಸ ಹಾಕಿದ ಮೇಲೆ ಕಸವೂ ಬರುತ್ತೆ. ದಸರಾ ಶುರುವಾದರೆ ಸಾಕು, ಸೋಫಾ ಸೇಲ್, ಮೊಬೈಲ್ ಸೇಲ್, ಮೆಗಾ ಸೇಲ್. ದಿನಕ್ಕೆ ನಲವತ್ತು ಐವತ್ತು.

ಹೋದ ದೀಪಾವಳಿ ಹೊತ್ತಿಗೆ ತಲೆ ಕೆಟ್ಟಿತು. ಒಂದು ಮಧ್ಯಾಹ್ನ ಊಟ ಮುಗಿಸಿ ಬಂದವನೇ ನಮ್ಮ ವೆಬ್‌ಸೈಟ್, ಮೇಲ್ ಎರಡನ್ನೂ ನಿಭಾಯಿಸುವ ಹೋಸ್ಟಿಂಗ್ ಪ್ಯಾನೆಲ್ ತೆರೆದೆ. ಇ-ಮೇಲ್ ಫಿಲ್ಟರ್ ಪುಟದಲ್ಲಿ ಸಾಲಾಗಿ ಡಬ್ಬಿಗಳು. ಮೊದಲನೆಯದರಲ್ಲಿ ‘ಸಬ್ಜೆಕ್ಟ್’ ಆರಿಸಿದೆ. ಎರಡನೆಯದರಲ್ಲಿ ‘ಕಂಟೇನ್ಸ್’. ಮುಂದಿನ ಖಾಲಿ ಜಾಗದಲ್ಲಿ ಇಂಗ್ಲಿಷಿನಲ್ಲಿ ‘ಸೇಲ್’ ಅಂತ ಹೊಡೆದೆ. ಕೆಳಗೆ, ಏನು ಮಾಡಬೇಕು ಅನ್ನುವ ಕಡೆ ‘ಡಿಸ್ಕಾರ್ಡ್ ಮೆಸೇಜ್’, ಅಂದರೆ ಬಿಸಾಡಿಬಿಡು. ಎರಡು ನಿಮಿಷದ ಕೆಲಸ. ಮರುದಿನ ಇನ್‌ಬಾಕ್ಸ್ ಗುಡಿಸಿ ಸಾರಿಸಿದ ಹಾಗಿತ್ತು. ಮಾಲೀಕರೂ “ಛಲೋ ಆತು ನೋಡು” ಅಂದರು.

ಜನವರಿ ಬಂತು. ಗಂಜ್ ಮಾರುಕಟ್ಟೆಗೆ ಹೊಸ ತೊಗರಿ ಬಂತು. ಫೋನು ಬರುತ್ತಿದ್ದವು, ಮೇಲ್ ಮಾತ್ರ ಯಾಕೋ ಕಡಿಮೆ. ಭಾವ ಏರಿಳಿತ ಆಗ್ತಿದೆ, ಜನ ಕಾದು ನೋಡುತ್ತಿರಬೇಕು ಅಂದುಕೊಂಡೆ. ಮನುಷ್ಯನಿಗೆ ಕಾರಣ ಹುಡುಕೋದು ಎಷ್ಟು ಸುಲಭ ಅಲ್ವಾ?

ಆಮೇಲೆ ಒಂದು ಬೆಳಿಗ್ಗೆ ಹುಬ್ಬಳ್ಳಿಯ ಸಾವ್ಕಾರರ ಫೋನು. “ಏನ್ ತಮ್ಮಾ, ಮೂರ್ ಸಲ ಮೇಲ್ ಹಾಕೇನಿ. ಒಂದಕ್ಕಾದ್ರೂ ಉತ್ತರ ಬ್ಯಾಡೇನು?”

“ಸಾವ್ಕಾರ್ರೆ, ಒಂದೂ ಬಂದಿಲ್ರೀ.”

ಸ್ಪ್ಯಾಮ್ ನೋಡಿದೆ. ಟ್ರ್ಯಾಷ್ ನೋಡಿದೆ. ಎಲ್ಲೂ ಇಲ್ಲ. ಅವರು ವಾಟ್ಸಾಪಿನಲ್ಲಿ ಫೋಟೊ ಕಳಿಸಿದರು. ಮೂರೂ ನಮ್ಮ ಸರಿಯಾದ ವಿಳಾಸಕ್ಕೇ ಹೋಗಿದ್ದವು. 200 ಕ್ವಿಂಟಲ್, ಐವತ್ತು ಕೆಜಿ ಚೀಲದಲ್ಲಿ 400 ಚೀಲ. “ಫೋನ್ ಇಡಬ್ಯಾಡ್ರಿ, ಈಗೊಂದು ಕಳಿಸ್ರಿ” ಅಂದೆ. ಕಳಿಸಿದರು. ಬರಲಿಲ್ಲ. ಇನ್ನೊಂದು ಕಳಿಸಲು ಹೇಳಿ, ಸಬ್ಜೆಕ್ಟಿನಲ್ಲಿ ಸುಮ್ನೆ ‘ಟೆಸ್ಟ್’ ಅಂತ ಬರೆಯಿರಿ ಅಂದೆ. ಹತ್ತು ಸೆಕೆಂಡಿನಲ್ಲಿ ಬಂತು! ಮೊದಲಿನದರ ಸಬ್ಜೆಕ್ಟ್ ಏನಿತ್ತು ಅಂತ ಕೇಳಿದೆ. “ಹೋಲ್‌ಸೇಲ್ ಎನ್‌ಕ್ವೈರಿ.”

ಬೆನ್ನಲ್ಲಿ ಬೆವರು ಬಂತು. ಹೋಲ್‌ಸೇಲ್ ಅಂತ ಇಂಗ್ಲಿಷಿನಲ್ಲಿ ಬರೆದು ನೋಡಿ. ಕೊನೆಯ ನಾಲ್ಕು ಅಕ್ಷರ ಏನು? ‘ಕಂಟೇನ್ಸ್’ ಅಂದರೆ ಆ ಅಕ್ಷರಗಳು ಎಲ್ಲಿದ್ದರೂ ಸರಿ, ದೊಡ್ಡ ಪದದ ಹೊಟ್ಟೆಯೊಳಗಿದ್ದರೂ ಸರಿ. ಅರ್ಥ ಗಿರ್ಥ ಅದಕ್ಕೆ ಬೇಕಿಲ್ಲ. ನಾವೇ ಹೋಲ್‌ಸೇಲ್ ವ್ಯಾಪಾರದವರು, ಆ ಪದಕ್ಕೇ ಬಾಗಿಲು ಹಾಕಿಕೊಂಡು ಕೂತಿದ್ದೆ.

ಅದಕ್ಕಿಂತ ಕೆಟ್ಟದ್ದು ಆ ಡಿಸ್ಕಾರ್ಡ್. ಈ ರೂಲ್ ಓಡುವುದು ಸರ್ವರ್‌ನಲ್ಲಿ, ಮೇಲ್ ನಮ್ಮ ಡಬ್ಬಿಗೆ ಬೀಳುವ ಮೊದಲೇ. ಹಾಗಾಗಿ ಸ್ಪ್ಯಾಮಿನಲ್ಲೂ ಸಿಗಲ್ಲ, ಟ್ರ್ಯಾಷಿನಲ್ಲೂ ಸಿಗಲ್ಲ. ಕಳಿಸಿದವರಿಗೆ ‘ತಲುಪಲಿಲ್ಲ’ ಅನ್ನುವ ವಾಪಸ್ ಪತ್ರವೂ ಹೋಗಲ್ಲ. ಮಿಲ್ಲಿನಲ್ಲಿ ಜರಡಿಯಿಂದ ಕೆಳಗೆ ಬಿದ್ದ ನುಚ್ಚು, ಹೊಟ್ಟು ಕೂಡ ಚೀಲ ಸೇರಿ ದನದ ಮೇವಿಗೆ ಹೋಗುತ್ತೆ. ನಾನು ಹಾಕಿದ ಜರಡಿಯ ಕೆಳಗೆ ಚೀಲವೇ ಇರಲಿಲ್ಲ. ಎರಡು ತಿಂಗಳಲ್ಲಿ ಎಷ್ಟು ಹೋಯಿತೋ, ಲೆಕ್ಕ ಸಿಗಲ್ಲ. ಹುಬ್ಬಳ್ಳಿಯವರು ಅಷ್ಟರಲ್ಲಿ ಬೇರೆ ಮಿಲ್ಲಿನಿಂದ ಮಾಲು ತರಿಸಿಕೊಂಡಿದ್ದರು.

ಸ್ಪ್ಯಾಮ್ ಹಿಡಿಯುವ ಸಾಫ್ಟ್‌ವೇರ್‌ಗಳು ಹೀಗೆ ಒಂದೇ ಪದಕ್ಕೆ ತಲೆ ಕಡಿಯಲ್ಲ. ಸ್ಪ್ಯಾಮ್‌ಅಸಾಸಿನ್ ಅಂತ ಒಂದಿದೆ, ಬಹಳ ಹೋಸ್ಟಿಂಗ್‌ಗಳಲ್ಲಿ ಇರುತ್ತೆ. ಅನುಮಾನದ ಒಂದೊಂದು ಗುರುತಿಗೆ ಇಷ್ಟಿಷ್ಟು ಅಂಕ ಕೊಟ್ಟು ಕೂಡಿಸುತ್ತೆ, ಒಳ್ಳೆಯ ಗುರುತಿದ್ದರೆ ಕಳೆಯುತ್ತೆ. ನಾವು ಬದಲಿಸದಿದ್ದರೆ ಮಿತಿ 5. ಅದನ್ನು ಮುಟ್ಟಿದರೆ ಮಾತ್ರ ಸ್ಪ್ಯಾಮ್. ಅದನ್ನು ಆನ್ ಮಾಡಿದ್ದರೆ ನನ್ನ ರೂಲ್ ಬಹುಶಃ ಬೇಕಾಗುತ್ತಲೇ ಇರಲಿಲ್ಲ.

ಡಿಸ್ಕಾರ್ಡ್ ಬದಲು ‘ಫೇಲ್ ವಿತ್ ಮೆಸೇಜ್’, ಅಂದರೆ ತಡೆದು ವಾಪಸ್ ಪತ್ರ ಕಳಿಸುವುದು, ಹಾಕೋಣ ಅನಿಸಿತ್ತು. ಕಳಿಸಿದವರಿಗೆ ಗೊತ್ತಾಗುತ್ತಲ್ಲ. ಆದರೆ ಸ್ಪ್ಯಾಮ್ ಕಳಿಸುವವರು ಹಾಕುವ ವಿಳಾಸ ಹೆಚ್ಚಾಗಿ ಸುಳ್ಳು. ನಮ್ಮ ವಾಪಸ್ ಪತ್ರ ಯಾರೋ ಪಾಪದವರ ಡಬ್ಬಿಗೆ ಹೋಗಿ ಬೀಳುತ್ತೆ. ಕೊನೆಗೆ ಬೇರೆ ಫೋಲ್ಡರ್‌ಗೆ ಹಾಕುವ ಹಾಗೆ ಬದಲಿಸಿದೆ. ಜೊತೆಗೆ ‘ಹೋಲ್‌ಸೇಲ್ ಇರಬಾರದು’ ಅನ್ನುವ ಎರಡನೇ ಷರತ್ತು ಸೇರಿಸಿದೆ. ಇಲ್ಲೂ ಎಡವಿದೆ ನೋಡಿ. ಎರಡು ಷರತ್ತಿನ ನಡುವೆ ‘ಆ್ಯಂಡ್’ ಬೇಕಿತ್ತು, ‘ಆರ್’ ಇತ್ತು. ಹಾಗೇ ಬಿಟ್ಟಿದ್ದರೆ ಹೋಲ್‌ಸೇಲ್ ಪದವಿಲ್ಲದ ಪ್ರತಿಯೊಂದು ಮೇಲೂ ಅದೇ ಫೋಲ್ಡರ್‌ಗೆ ಹೋಗುತ್ತಿತ್ತು. ಅದೇ ಪುಟದ ಕೆಳಗೆ ‘ಫಿಲ್ಟರ್ ಟೆಸ್ಟ್’ ಅಂತ ಒಂದು ಡಬ್ಬಿ ಇದೆ. ಒಂದು ಹಳೆಯ ಪತ್ರ ಅಂಟಿಸಿ ನೋಡಿದ್ದಕ್ಕೆ ಬಚಾವಾದೆ. ಮೊದಲ ದಿನ ಆ ಡಬ್ಬಿ ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

ಗಿರಾಕಿಗಳ ವಿಳಾಸವನ್ನು ಯಾವ ತಪಾಸಣೆಯೂ ಇಲ್ಲದೆ ಒಳಗೆ ಬಿಡಿ ಅಂತ ಒಬ್ಬರು ಸಲಹೆ ಕೊಟ್ಟರು. ಒಪ್ಪಲಿಲ್ಲ. ‘ಫ್ರಮ್’ ಅನ್ನುವ ಜಾಗದಲ್ಲಿ ಯಾರ ಹೆಸರನ್ನಾದರೂ ಬರೆಯಬಹುದು. ಎಸ್‌ಪಿಎಫ್, ಡಿಕೆಐಎಂ ಅಂತ ಸರ್ವರ್ ಮಾಡುವ ತಪಾಸಣೆ ಆ ಸುಳ್ಳು ಹಿಡಿಯೋದಕ್ಕೆ ನೆರವಾಗುತ್ತೆ. ಅದನ್ನು ದಾಟಿಸಿಬಿಟ್ಟರೆ, ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ’ ಅನ್ನುವ ಕಳ್ಳ ಪತ್ರಕ್ಕೂ ರತ್ನಗಂಬಳಿ ಹಾಸಿದ ಹಾಗೆ.

ಈಗ ಪ್ರತಿ ಸೋಮವಾರ ಚಹಾ ಕುಡಿಯುತ್ತಾ ಆ ಫೋಲ್ಡರ್ ತೆರೆಯುತ್ತೇನೆ. ಹೋದ ವಾರ ಅರವತ್ತೊಂದು ಜಾಹೀರಾತು, ಅವುಗಳ ನಡುವೆ ತಮಿಳುನಾಡಿನ ವ್ಯಾಪಾರಿಯದೊಂದು ಪತ್ರ. ಲಾರಿ ಬಾಡಿಗೆ ಸೇರಿಸಿ ಭಾವ ಹೇಳಿ ಅಂತ. ಇದು ಇಲ್ಲಿಗೆ ಹೇಗೆ ಬಂತು ಅಂತ ಸಬ್ಜೆಕ್ಟ್ ಓದಿದೆ. ಊರಿನ ಹೆಸರು ಇತ್ತು. ಸೇಲಂ.