ಕೊಂಪೊನಿಬಿಲಿ: ತಿರುಪಿಲ್ಲದ, ಕೀಲಿಲ್ಲದ ಗುಂಡು ಕಪಾಟು

ಮಂಚದ ಪಕ್ಕಕ್ಕೆ ಪುಟ್ಟ ಕಪಾಟು ಹುಡುಕುವವರಿಗೆ ಇಟಲಿಯ ಕಾರ್ಟೆಲ್‌ ಕಂಪನಿಯ ಕೊಂಪೊನಿಬಿಲಿ ಇವತ್ತಿಗೂ ಒಳ್ಳೆಯ ಆಯ್ಕೆ, ಅಳತೆ ನೋಡಿ ಕೊಂಡರೆ. 1967ರ ಈ ವಿನ್ಯಾಸ ಮಿಲಾನಿನ ವಾಸ್ತುಶಿಲ್ಪಿ ಅನ್ನಾ ಕಾಸ್ತೆಲ್ಲಿ ಫೆರ್ರಿಯೇರಿ ಅವರದು. ಪತಿ ಜೂಲಿಯೊ ಕಾಸ್ತೆಲ್ಲಿ ಕೆಮಿಕಲ್ ಎಂಜಿನಿಯರ್, 1949ರಲ್ಲಿ ಕಾರ್ಟೆಲ್ ಶುರುಮಾಡಿದವರು. ಹಾಗೆಂದು ಈಕೆಯನ್ನು ಬರೀ ಮಾಲೀಕರ ಹೆಂಡತಿ ಎಂದುಕೊಳ್ಳುವವರು ಇದರ ಬಾಗಿಲನ್ನು ಒಮ್ಮೆ ಸರಿಸಿ ನೋಡಲಿ.

ಬಾಗಿಲಿಗೆ ಕೀಲೇ ಇಲ್ಲ. ಬಾಗಿದ ಒಂದು ಎಬಿಎಸ್ (ಗಟ್ಟಿ ಜಾತಿಯ ಪ್ಲಾಸ್ಟಿಕ್) ಹಾಳೆ ಮೇಲೆ ಕೆಳಗಿನ ಜಾಡಿನಲ್ಲಿ ಜಾರಿ ಗೋಡೆಯ ಒಳಮಗ್ಗುಲಿಗೆ ಸೇರಿಕೊಳ್ಳುತ್ತದೆ. ಹಿಡಿಕೆ ಅಂದರೆ ಬೆರಳು ತೂರುವ ಒಂದು ದುಂಡು ತೂತು, ಅಷ್ಟೇ. ತೆರೆದ ಬಾಗಿಲು ಮೊಣಕಾಲಿಗೆ ತಾಗುವುದಿಲ್ಲ. ಆದರೆ ಅದು ಸರಿಯುವ ಜಾಗ ಒಳಗಿನದೇ. ಅಂಚಿನವರೆಗೂ ಸಾಮಾನು ತುರುಕಿದರೆ ಚಾರ್ಜರ್ ವೈರೊಂದೇ ಸಾಕು, ಬಾಗಿಲು ಅರ್ಧಕ್ಕೇ ನಿಲ್ಲುತ್ತದೆ. ಜಾಡಿನಲ್ಲಿ ಧೂಳು ಕೂತರೂ ಅದೇ ಪಾಡು. ಒಣ ಬ್ರಷ್‌ನಿಂದ ಉಜ್ಜಿರಿ. ಎಣ್ಣೆ ಹಾಕಬೇಡಿ, ಧೂಳು ಅಂಟಿ ಇನ್ನೂ ಬಿಗಿಯಾಗುತ್ತದೆ.

ಕಪಾಟಿನ ಒಂದೊಂದು ಅಂತಸ್ತೂ ಒಂದೊಂದು ಬಿಡಿ ಡಬ್ಬಿ. ಡಬ್ಬಿಗಳು ಒಂದರ ಮೇಲೊಂದು ಕೂರುತ್ತವೆ, ಟಿಫಿನ್ ಕ್ಯಾರಿಯರ್‌ನಂತೆ, ಆದರೆ ಬಿಗಿಯುವ ಪಟ್ಟಿ ಇಲ್ಲದೆ. ಮೇಲಿನ ತಟ್ಟೆ ಹಿಡಿದು ಎತ್ತಿದರೆ ಕೈಗೆ ತಟ್ಟೆ ಮಾತ್ರ ಬರುತ್ತದೆ. ತಳಕ್ಕೆ ಕೈಕೊಟ್ಟೇ ಎತ್ತಬೇಕು.

ವ್ಯಾಸ 32 ಸೆಂ.ಮೀ. ಎರಡು ಅಂತಸ್ತಿನದು 40, ಮೂರರದು 58.5, ನಾಲ್ಕರದು 77 ಸೆಂ.ಮೀ. ಎತ್ತರ. ಸಾಮಾನ್ಯ ಮಂಚಕ್ಕೆ ಮೂರೇ ಸರಿ. ಮಂಚ ತಗ್ಗಾಗಿದ್ದರೆ ಎರಡು. ಎ4 ಹಾಳೆಯ ಕರ್ಣವೇ 36 ಸೆಂ.ಮೀ. ದಾಟುವುದರಿಂದ ಕಾಗದಪತ್ರ ಮಡಚದೆ ಮಲಗುವುದಿಲ್ಲ. ಒಂದು ಅಂತಸ್ತಿನ ಪಾಲಿಗೆ ಬರುವುದು 18.5 ಸೆಂ.ಮೀ., ಲೀಟರ್ ಬಾಟಲಿಯೂ ನಿಲ್ಲದು. ಮಾತ್ರೆ, ಕನ್ನಡಕ, ಪಾಕೆಟ್ ಪುಸ್ತಕಗಳಿಗೆ ಹೇಳಿ ಮಾಡಿಸಿದಂತಿದೆ.

ಎಬಿಎಸ್‌ಗೆ ಬಣ್ಣ ಪ್ಲಾಸ್ಟಿಕ್ಕಿನಲ್ಲೇ ಬೆರೆತಿರುತ್ತದೆ, ಗೀರು ಬಿದ್ದರೂ ಒಳಗಿಂದ ಬೇರೆ ಬಣ್ಣ ಇಣುಕದು. ಲೋಹದ ಹೊಳಪಿನ ಮಾದರಿಗಳಿಗೆ ಈ ಅನುಕೂಲವಿಲ್ಲ. ಒದ್ದೆ ಬಟ್ಟೆ, ಸೌಮ್ಯ ಸೋಪು ಸಾಕು. ನೈಲ್‌ ಪಾಲಿಶ್ ತೆಗೆಯುವ ಅಸಿಟೋನ್ ಒಂದು ಹನಿ ಬಿದ್ದರೂ ಮೇಲ್ಮೈ ಕರಗಿ ಕಲೆ ಉಳಿಯುತ್ತದೆ. ಬಿಳಿಯದನ್ನು ಕಿಟಕಿಯ ಬಿಸಿಲಿಗೆ ಇಟ್ಟರೆ ಹಳದಿ ತಿರುಗುತ್ತದೆ, ಅದೂ ಬಿಸಿಲು ಬಿದ್ದ ಮಗ್ಗುಲಷ್ಟೇ. ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಳುಪು ಮಾಡುವವರಿದ್ದಾರೆ. ಪಟ್ಟೆಪಟ್ಟೆಯಾಗುವುದೇ ಹೆಚ್ಚು, ಹಳದಿ ಮತ್ತೆ ಮರಳುತ್ತದೆ.

ಹಳೆಯದನ್ನು ಕೊಳ್ಳುವಾಗ ಎಲ್ಲ ಡಬ್ಬಿಗಳನ್ನೂ ಬಿಡಿಸಿ ತಳದ ಉಬ್ಬಕ್ಷರದಲ್ಲಿ ಕಾರ್ಟೆಲ್ ಹೆಸರಿದೆಯೇ ಓದಿ, ಅಂಚುಗಳಲ್ಲಿ ಕೂದಲೆಳೆ ಬಿರುಕಿದೆಯೇ ನೋಡಿ. ಬಿಳುಪಿನ ಛಾಯೆ ಡಬ್ಬಿಯಿಂದ ಡಬ್ಬಿಗೆ ಬೇರೆಯಾಗಿದ್ದರೆ ಬೇರೆ ಬೇರೆ ಸೆಟ್ಟಿನಿಂದ ಕೂಡಿಸಿದ್ದಿರಬಹುದು. ಬೆಲೆ ಇಳಿಸಿ ಕೇಳಿ.