ಒಂದೇ ವೈನ್, ನಾಲ್ಕು ದಾರಿ: ಹಳೆಯ ಷ್ಪೇಟ್‌ಲೇಸೆಯನ್ನು ಎಲ್ಲಿ ಕೊಳ್ಳಬೇಕು?

ಜರ್ಮನಿಯ ಮೋಸೆಲ್ ನದಿಯ ದಂಡೆಯಲ್ಲಿ ವೇಲೆನ್ ಎಂಬ ಹಳ್ಳಿಯಿದೆ. ಹಳ್ಳಿಯ ಎದುರಿನ ಕಡಿದಾದ ಇಳಿಜಾರಿನಲ್ಲಿ, ದ್ರಾಕ್ಷಿ ಬಳ್ಳಿಗಳ ನಡುವೆ, 1842ರಲ್ಲಿ ಕಟ್ಟಿದ ನೆರಳುಗಡಿಯಾರವೊಂದು ನಿಂತಿದೆ. ತೋಟಕ್ಕೂ ಅದರದೇ ಹೆಸರು: ಸೊನೆನ್‌ಊರ್. ಅಲ್ಲಿ ಬೆಳೆದ ರೀಸ್ಲಿಂಗ್ ಎಂಬ ಬಿಳಿ ದ್ರಾಕ್ಷಿಯ 2001ರ ಷ್ಪೇಟ್‌ಲೇಸೆಯ ನಾಲ್ಕು ಬಾಟಲಿಗಳನ್ನು 2023ರ ಡಿಸೆಂಬರ್‌ನ ಒಂದು ರಾತ್ರಿ ಫ್ರಾಂಕ್‌ಫರ್ಟ್‌ನ ನಮ್ಮ ಮನೆಯಲ್ಲಿ ಸಾಲಾಗಿ ತೆರೆದೆವು. ನಾಲ್ಕನ್ನೂ ತುಂಬಿದ್ದು ಒಂದೇ ಮನೆತನ. ನಮ್ಮ ಮೇಜಿಗೆ ಅವು ಬಂದ ದಾರಿಗಳು ಮಾತ್ರ ಬೇರೆ.

ಷ್ಪೇಟ್‌ಲೇಸೆ ಎಂದರೆ ತಡವಾದ ಕೊಯ್ಲು. 1775ರಲ್ಲಿ ರೈನ್‌ಗೌ ಪ್ರದೇಶದ ಯೊಹಾನಿಸ್‌ಬರ್ಗ್‌ಗೆ ಕೊಯ್ಲಿನ ಅಪ್ಪಣೆ ತರಬೇಕಿದ್ದ ಸವಾರ ತಡಮಾಡಿದ, ಅಷ್ಟರಲ್ಲಿ ಹಣ್ಣು ಬೂಸ್ಟು ಹಿಡಿದಿತ್ತು, ಆದರೂ ವೈನ್ ಅಪೂರ್ವವಾಗಿ ಬಂತು ಎಂಬ ಕಥೆ ಅಲ್ಲಿ ಇಂದಿಗೂ ಜೀವಂತ. 1971ರ ಕಾನೂನಿನ ಪ್ರಕಾರ ಈ ದರ್ಜೆಯನ್ನು ನಿರ್ಧರಿಸುವುದು ಕೊಯ್ಲಿನ ಹೊತ್ತಿನಲ್ಲಿ ರಸದಲ್ಲಿರುವ ಸಕ್ಕರೆ. ಅದಕ್ಕಿಂತ ಮೇಲಿನದು ಆರಿಸಿದ ಗೊಂಚಲುಗಳ ಔಸ್‌ಲೇಸೆ. ಸಿಹಿಯೂ ಹುಳಿಯೂ ಒಟ್ಟಿಗೆ ತುಂಬಿಕೊಂಡಿರುವುದರಿಂದಲೇ ಇವು ಇಪ್ಪತ್ತು, ಮೂವತ್ತು ವರ್ಷ ಬಾಳುತ್ತವೆ.

ಹೋಲಿಕೆಗೆ ಮೊದಲು ಸಂಖ್ಯೆಯ ಮಾತು. ಒಂದೇ ತೋಟದ ಒಂದೇ ವರ್ಷದ ಷ್ಪೇಟ್‌ಲೇಸೆಯನ್ನೂ ಕೆಲವು ಮನೆತನಗಳು ಎರಡು ಮೂರು ಬಗೆಯಾಗಿ ತುಂಬುತ್ತವೆ. ಅವುಗಳನ್ನು ಗುರುತಿಸುವುದು ಚೀಟಿಯ ಮೇಲಿನ ಎ.ಪಿ. ಸಂಖ್ಯೆಯಿಂದ, ಅಂದರೆ ಸರ್ಕಾರಿ ಪರೀಕ್ಷೆಯ ಸಂಖ್ಯೆಯಿಂದ. ಅದರ ಕೊನೆಯ ಎರಡು ಅಂಕಿಗಳು ಸರ್ಕಾರಿ ಪರೀಕ್ಷೆ ನಡೆದ ವರ್ಷ, ಅದಕ್ಕೂ ಹಿಂದಿನದು ತುಂಬಿದ ಕ್ರಮ. ನಾಲ್ಕೂ ಬಾಟಲಿಗಳಲ್ಲಿ ಆ ಸಂಖ್ಯೆ ಒಂದೇ ಆಗುವವರೆಗೆ ನಾನು ಎರಡು ವರ್ಷ ಕಾದೆ.

ಮೊದಲನೆಯದು ತಯಾರಕರ ನೆಲಮಾಳಿಗೆಯಿಂದಲೇ ಬಂದದ್ದು, 48 ಯೂರೋ. ವಿಟ್ಲಿಖ್‌ನಲ್ಲಿ ರೈಲಿಳಿದು, ಬಸ್ ಹಿಡಿದು ಹೋಗಿ ತಂದೆ. ಎರಡನೆಯದು ಅಂತರ್ಜಾಲದ ಹರಾಜಿನಲ್ಲಿ ಸಿಕ್ಕಿತು. ಬೆಲೆ 26 ಯೂರೋ, ದಲ್ಲಾಳಿ ಶುಲ್ಕ ಮತ್ತು ಸಾಗಣೆ ಸೇರಿ 34. ಮೂರನೆಯದು ನಗರದ ಒಂದು ಅಂಗಡಿಯದು, 39. ನಾಲ್ಕನೆಯದು ನನ್ನದೇ. ಓದಲು ಬಂದ 2003ರಲ್ಲಿ 14 ಯೂರೋಗೆ ಒಂದರಂತೆ ಎರಡು ಕೊಂಡಿದ್ದೆ, ಒಂದು ಉಳಿದಿತ್ತು.

ಅಂಗಡಿಯದು ಮೊದಲು ಸೋತಿತು. ದೀಪದ ಬೆಳಕಿನ ಕಪಾಟಿನಲ್ಲಿ ನಿಲ್ಲಿಸಿಟ್ಟಿದ್ದ ಬಾಟಲಿ ಅದು. ಬಿರಡೆ ಒಣಗಿ ಪುಡಿಯಾಯಿತು. ಪರಿಮಳ ಒಂದು ನಿಮಿಷ ತಲೆಯೆತ್ತಿ ಮುದುಡಿಕೊಂಡಿತು. ಅಷ್ಟು ಹಣ ತೆಗೆದುಕೊಳ್ಳುವವರು ಬಾಟಲಿಯನ್ನು ಮಲಗಿಸಿಡುವಷ್ಟು ಕಾಳಜಿ ವಹಿಸಬೇಕಿತ್ತು.

ಹರಾಜಿನ ಬಾಟಲಿಯಲ್ಲಿ ವೈನ್ ಬಿರಡೆಯಿಂದ ಎರಡು ಬೆರಳಷ್ಟು ಇಳಿದಿತ್ತು. ಬಣ್ಣ ತಾಮ್ರದ ಕಡೆಗೆ ತಿರುಗಿತ್ತು. ಕತ್ತರಿಸಿ ಬಿಟ್ಟ ಸೇಬಿನ ವಾಸನೆ. ನಾಲಗೆಯ ಮೇಲೆ ಸಿಹಿಯಿತ್ತು, ಆದರೆ ಅದನ್ನು ಹೊತ್ತು ನಡೆಸುವ ಹುಳಿ ಮಂಕಾಗಿತ್ತು. ಯಾರೋ ಅದನ್ನು ಹಲವು ಬೇಸಿಗೆ ಬಿಸಿ ಕೋಣೆಯಲ್ಲಿ ಇಟ್ಟಿದ್ದರು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಮಾರುವವರು ಹಾಕಿದ್ದ ಚಿತ್ರದಲ್ಲಿ ಚೀಟಿ ಮಾತ್ರ ಕಾಣುತ್ತಿತ್ತು.

ನನ್ನ ಬಾಟಲಿ ಬೆಳೆದದ್ದು ನಮ್ಮ ವಸತಿ ಕಟ್ಟಡದ ನೆಲಮಾಳಿಗೆಯಲ್ಲಿ. ಅಲ್ಲಿ ಚಳಿಗಾಲಕ್ಕೆ 12, ಬೇಸಿಗೆಗೆ 19 ಡಿಗ್ರಿ. ಗಾಢ ಚಿನ್ನದ ಬಣ್ಣ. ಜೇನುಮೇಣ, ಒಣ ಜರದಾಳು ಹಣ್ಣು. ಆರೋಗ್ಯವಾಗಿತ್ತು, ಆದರೆ ವಯಸ್ಸಿಗಿಂತ ಹೆಚ್ಚು ಮಾಗಿತ್ತು. "ಇದಕ್ಕೆ ಇನ್ನು ಕಾಯಬಾರದು" ಎಂದಳು ಹೆಂಡತಿ. ಅವಳ ಮಾತು ಸರಿ.

ತಯಾರಕರ ಬಾಟಲಿಯ ಎದುರು ಉಳಿದ ಮೂರೂ ದೂರದ ನೆಂಟರಂತೆ ಕಂಡವು. ಹಸಿರು ಛಾಯೆ ಇನ್ನೂ ಮಾಸದ ತಿಳಿ ಹೊನ್ನು. ಮಳೆ ಬಿದ್ದ ಸ್ಲೇಟ್ ಕಲ್ಲಿನ ತಂಪು, ನಿಂಬೆಯ ಸಿಪ್ಪೆ, ಹಿಂದೆ ಎಲ್ಲೋ ಸೀಮೆಎಣ್ಣೆಯ ಎಳೆ. ಮಾಗಿದ ರೀಸ್ಲಿಂಗ್‌ಗೆ ಆ ಎಳೆ ಸಹಜ, ದೋಷವಲ್ಲ. ಸಕ್ಕರೆ ಎಲ್ಲಿಗೂ ಹೋಗಿರುವುದಿಲ್ಲ. ಆದರೂ ವಯಸ್ಸಾದಂತೆ ಸಿಹಿ ಕಡಿಮೆಯೆನಿಸುತ್ತದೆ. ಈ ಲೋಟದಲ್ಲಿ ಅದು ಹಣ್ಣಿನೊಳಗೆ ಕರಗಿಯೇ ಹೋಗಿತ್ತು. ಇಪ್ಪತ್ತು ವರ್ಷ ಕದಲದೆ, ಕತ್ತಲಲ್ಲಿ, ಒಂದೇ ತಂಪಿನಲ್ಲಿ ಮಲಗಿದ ಬಾಟಲಿಗೆ ಹರಾಜಿನದಕ್ಕಿಂತ 14 ಯೂರೋ ಹೆಚ್ಚು ಕೊಟ್ಟದ್ದು ನನಗೆ ಎಳ್ಳಷ್ಟೂ ಭಾರವೆನಿಸಲಿಲ್ಲ.

ಹಾಗೆಂದು ಹರಾಜನ್ನು ಬಿಟ್ಟೇಬಿಡಲಾಗದು. 1971, 1976, 1990ರಂಥ ವರ್ಷಗಳ ಔಸ್‌ಲೇಸೆ ತಯಾರಕರಲ್ಲಿ ಮಾರಾಟಕ್ಕೆ ಸಿಗುವುದು ಅಪರೂಪ. ಹರಾಜಿನಲ್ಲಿ ಕೊಳ್ಳುವಾಗ ಬೆಳಕಿಗೆ ಹಿಡಿದ ಬಾಟಲಿಯ ಚಿತ್ರ ಕೇಳಿ. ಮಟ್ಟ ಮತ್ತು ಬಣ್ಣ ಎರಡೂ ಕಾಣುತ್ತವೆ. ಕೊಡದಿದ್ದರೆ ಕೈಬಿಡಿ. ಚೀಟಿಯಲ್ಲಿ ರೀಸ್ಲಿಂಗ್ ಎಂದು ಬರೆದಿದೆಯೇ ನೋಡಿ. ಒಮ್ಮೆ 1976ರ ಔಸ್‌ಲೇಸೆಯ ಆರು ಬಾಟಲಿಗಳನ್ನು 90 ಯೂರೋಗೆ ಹಿಡಿದಾಗ ನಾನು ಅದನ್ನು ನೋಡಿರಲಿಲ್ಲ. ಬೇಗ ಸಕ್ಕರೆ ತುಂಬಿಕೊಳ್ಳುವ ಬೇರೆ ತಳಿಯ ವೈನ್ ಅದು. ಆರೂ ಕಂದಾಗಿ ಸತ್ತಿದ್ದವು. ತೋಟದ ಹೆಸರಿನಲ್ಲೂ ಬಲೆಯಿದೆ. ಪೀಸ್‌ಪೋರ್ಟ್ ಹಳ್ಳಿಯ ಗೋಲ್ಡ್‌ಟ್ರ್ಯೋಪ್‌ಶೆನ್ ಒಂದು ನಿಜವಾದ ತೋಟ. ಅದೇ ಹಳ್ಳಿಯ ಹೆಸರು ಹೊತ್ತ ಮಿಷೆಲ್ಸ್‌ಬರ್ಗ್ ಹಲವು ಊರುಗಳ ತೋಟಗಳನ್ನು ಒಂದೇ ಹೆಸರಿನಡಿ ಕೂಡಿಸಿದ ದೊಡ್ಡ ಗುಂಪು. ಹಳೆಯ ಸಂಗ್ರಹಗಳಲ್ಲಿ ಇಂಥವೇ ತುಂಬಿರುತ್ತವೆ. ಸಿಹಿ ಬೇಕಿದ್ದರೆ ಆಲ್ಕೊಹಾಲ್ ಪ್ರಮಾಣವನ್ನೂ ಓದಿ: ಶೇಕಡಾ 8ರ ಆಸುಪಾಸು ಇದ್ದರೆ ಸಿಹಿ, 12 ಇದ್ದರೆ ಅದು ಒಣ, ಅಂದರೆ ಸಿಹಿಯಿಲ್ಲದ ಷ್ಪೇಟ್‌ಲೇಸೆ.

ಟ್ರಿಯರ್ ಪಟ್ಟಣದಲ್ಲಿ ಸೆಪ್ಟೆಂಬರ್‌ನಲ್ಲಿ ನಡೆಯುವ ತಯಾರಕರ ಹರಾಜಿನ ಬಗೆ ಬೇರೆಯೇ. 1908ರಲ್ಲಿ ಹುಟ್ಟಿದ ತಯಾರಕರ ಸಂಘ ಅದನ್ನು ನಡೆಸುತ್ತದೆ. ಬಾಟಲಿಗಳು ನೇರ ನೆಲಮಾಳಿಗೆಯಿಂದ ಬರುತ್ತವೆ, ಕೂಗು ನಡೆಯುವಾಗಲೇ ಲೋಟಕ್ಕೆ ಸುರಿಯುತ್ತಾರೆ, ನಮ್ಮ ಪರವಾಗಿ ಕೂಗುವವರು ದಲ್ಲಾಳಿಗಳು. ನಂಬಿಕೆಗೆ ಅದಕ್ಕಿಂತ ಮಿಗಿಲಾದ ದಾರಿಯಿಲ್ಲ. ಆದರೆ ಬೆಲೆ ಸಂಬಳದಾರರಿಗೆ ಎಟುಕುವಂಥದಲ್ಲ, ಹೆಚ್ಚಿನವು ಹೊಸ ವೈನ್‌ಗಳೇ.

ಹಣ ಮಿತವಾಗಿದ್ದರೆ ಔಸ್‌ಲೇಸೆಗಿಂತ ಷ್ಪೇಟ್‌ಲೇಸೆಯನ್ನೇ ಹಳೆಯದಾಗಿ ಕೊಳ್ಳಿ ಎನ್ನುತ್ತೇನೆ. ಔಸ್‌ಲೇಸೆಯನ್ನು ಊಟ ಮುಗಿದ ಮೇಲೆ ಒಂದು ಲೋಟ ಕುಡಿಯಬಹುದು. ಮಾಗಿದ ಷ್ಪೇಟ್‌ಲೇಸೆ ಊಟದ ಜೊತೆಗೇ ಕೂರುತ್ತದೆ. ಆ ರಾತ್ರಿ ಹುಣಸೆ ಹೆಚ್ಚಿದ ಸಾರಿನೊಡನೆ ಅದು ಸೊರಗಿತು. ಕಾಯಿಸಾಸಿವೆ ಚಿತ್ರಾನ್ನ ಬಡಿಸಿದಾಗ ತೆಂಗಿನಕಾಯಿಯ ನವಿರನ್ನೂ ಒಣಮೆಣಸಿನಕಾಯಿಯ ಖಾರವನ್ನೂ ಎರಡು ಕೈಯಲ್ಲಿ ಹಿಡಿದುಕೊಂಡಿತು.

ತಂದ ಹಳೆಯ ಬಾಟಲಿಯನ್ನು ತೆರೆಯುವ ಮುನ್ನ ಒಂದು ವಾರ ನಿಲ್ಲಿಸಿಡಿ. ತಳದಲ್ಲಿ ಸಕ್ಕರೆ ಹರಳಿನಂತೆ ಹೊಳೆಯುವುದು ವೈನಿನ ಹುಳಿಯಿಂದ ಮೂಡುವ ಟಾರ್ಟಾರ್, ಅದರಿಂದ ಕೆಡುಕಿಲ್ಲ. ಬಿರಡೆಗೆ ತಿರುಪು ಬೇಡ, ಎರಡು ಅಲಗಿನ ಚಿಮಟ ಬಳಸಿ. ಮುಂದಿನ ಬಾರಿ ಮೈಸೂರಿಗೆ ಹೋಗುವಾಗ ಅಣ್ಣನಿಗೆಂದು ಎರಡು ಬಾಟಲಿ ಒಯ್ಯುತ್ತೇನೆ. ಎರಡೂ ಸೇರಿ ಒಂದೂವರೆ ಲೀಟರ್, ಸುಂಕವಿಲ್ಲದೆ ಬಿಡುವ ಎರಡು ಲೀಟರಿನ ಒಳಗೇ ಬರುತ್ತದೆ. ಅವಕ್ಕಾಗಿ ವೇಲೆನ್‌ಗೆ ಪತ್ರ ಬರೆದಾಗಿದೆ.