ಕಾರವಾರದ ಸಂಜೆ ಉಪನ್ಯಾಸ ಮಾಲೆ: ಯಹೂದಿಗಳ ಸಂಕಟ ಮತ್ತು ಬ್ರಿಟಿಷ್ ಜನಾಭಿಪ್ರಾಯ

ಕಾರವಾರದ ಖಾಸಗಿ ವಾಚನಾಲಯವೊಂದು ಶುಲ್ಕ ಪಡೆದು ನಡೆಸುವ ಇತಿಹಾಸ ಉಪನ್ಯಾಸಗಳಿಗೆ, ಹೊರದೇಶಗಳಲ್ಲಿ ಯಹೂದಿಗಳ ಮೇಲೆ ನಡೆದ ದೌರ್ಜನ್ಯವನ್ನು ಬ್ರಿಟನ್ನಿನ ಜನ ಹೇಗೆ ಕಂಡರು ಎಂಬುದು ಈ ಬಾರಿಯ ವಿಷಯವಾಗಿತ್ತು. 300 ರೂಪಾಯಿಗೆ ಮೂರು ಉಪನ್ಯಾಸಗಳೂ ಒಂದು ಮುದ್ರಿತ ಪುಸ್ತಿಕೆಯೂ ದೊರೆಯುತ್ತವೆ. ಕುಮಟಾ, ಅಂಕೋಲೆಗಳಿಂದ ಬರುವವರಿಗೆ ಬಸ್ಸು ತಪ್ಪದಂತೆ ಹೇಳಿದ ಹೊತ್ತಿಗೆ ಮುಗಿಸುತ್ತಾರೆ. ನಮ್ಮೂರಿನ ಸಭೆಗಳಲ್ಲಿ ಇದು ಅಪರೂಪವೇ ಸರಿ.

ಮೊದಲ ಉಪನ್ಯಾಸ ಸಿರಿಯಾದ ಡಮಾಸ್ಕಸ್ಸಿನಲ್ಲಿ ಕ್ರೈಸ್ತ ಸನ್ಯಾಸಿಯೊಬ್ಬನ ಕೊಲೆಯ ಸುಳ್ಳು ಆರೋಪವನ್ನು ಯಹೂದಿಗಳ ಮೇಲೆ ಹೊರಿಸಿದ 1840ರ ಪ್ರಕರಣದಿಂದ ಆರಂಭವಾಗಿ, ರಷ್ಯಾದಲ್ಲಿ ಎರಡನೆಯ ಅಲೆಕ್ಸಾಂಡರನ ಹತ್ಯೆಯ ನಂತರ ಯಹೂದಿಗಳ ಮೇಲೆ ನಡೆದ ದಾಳಿಗಳಿಗೆ ಬಂದಿತು. 1882ರ ಫೆಬ್ರವರಿಯಲ್ಲಿ ಲಂಡನ್ನಿನ ಲಾರ್ಡ್ ಮೇಯರರ ಅಧಿಕೃತ ನಿವಾಸವಾದ ಮ್ಯಾನ್ಷನ್ ಹೌಸ್‌ನಲ್ಲಿ ಅವರದೇ ಅಧ್ಯಕ್ಷತೆಯಲ್ಲಿ ನಡೆದ ಪ್ರತಿಭಟನಾ ಸಭೆ, ಅಲ್ಲಿ ಸಮಾಜ ಸುಧಾರಕ ಲಾರ್ಡ್ ಶಾಫ್ಟ್ಸ್‌ಬರಿ ಮತ್ತು ಕ್ಯಾಥೊಲಿಕ್ ಧರ್ಮಗುರು ಕಾರ್ಡಿನಲ್ ಮ್ಯಾನಿಂಗ್ ಮಾಡಿದ ಭಾಷಣಗಳು, ನಂತರ ಕೂಡಿಬಂದ ಲಕ್ಷ ಪೌಂಡಿಗೂ ಮೀರಿದ ನಿಧಿ, ಇವೆಲ್ಲವನ್ನೂ ಉಪನ್ಯಾಸಕರು ಆ ಕಾಲದ ಪತ್ರಿಕೆಗಳ ಚಿತ್ರಗಳೊಂದಿಗೆ ವಿವರಿಸಿದರು. ಆ ನಿಧಿಯಿಂದ ಅನೇಕ ನಿರಾಶ್ರಿತರನ್ನು ಅಮೆರಿಕಕ್ಕೆ ದಾಟಿಸಲಾಯಿತು ಎಂಬ ವಿವರವನ್ನು ಮಾತ್ರ ಅವರು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಸಾಗಿದರು. ನನ್ನ ದೃಷ್ಟಿಯಲ್ಲಿ ಇಡೀ ಮಾಲೆಯ ಎಳೆ ಇರುವುದೇ ಅಲ್ಲಿ: ದೂರದಲ್ಲಿ ನೊಂದವರಿಗಾಗಿ ಧಾರಾಳವಾಗಿ ಹಣ ಕೊಟ್ಟ ಸಮಾಜವು, ಅವರು ತನ್ನ ಬೀದಿಯಲ್ಲೇ ನೆಲೆಸುವ ಪ್ರಶ್ನೆ ಬಂದಾಗ ಅಳುಕಿತು.

ಎರಡನೆಯ ಉಪನ್ಯಾಸ ಅವಸರದ್ದು. 1901ರಲ್ಲಿ ಲಂಡನ್ನಿನ ಈಸ್ಟ್ ಎಂಡ್‌ನಲ್ಲಿ ವಲಸೆಗಾರರ ವಿರುದ್ಧ ಹುಟ್ಟಿದ ಬ್ರಿಟಿಷ್ ಬ್ರದರ್ಸ್ ಲೀಗ್ ಎಂಬ ಸಂಘಟನೆ ಮತ್ತು ವಲಸೆಗೆ ಕಡಿವಾಣ ಹಾಕಿದ 1905ರ ಏಲಿಯನ್ಸ್ ಕಾಯಿದೆಯ ಬಗ್ಗೆ ತಿಳಿಸಿದರಾದರೂ, ಧರ್ಮ ಅಥವಾ ರಾಜಕೀಯದ ಕಾರಣಕ್ಕೆ ಕಿರುಕುಳಕ್ಕೊಳಗಾಗಿ ಬಂದವರನ್ನು ಬಡತನದ ಕಾರಣಕ್ಕಾಗಿಯೇ ಹಿಂದಕ್ಕೆ ಕಳುಹಿಸಬಾರದೆಂದು ಅದೇ ಕಾಯಿದೆಯಲ್ಲಿ ವಿನಾಯಿತಿ ಇದ್ದುದನ್ನು ಬಿಟ್ಟರು. ಇದನ್ನು ಬಿಟ್ಟರೆ ಬ್ರಿಟಿಷರ ಮನಸ್ಸಿನ ಇಬ್ಬಂದಿತನ ಅರ್ಥವಾಗುವುದಿಲ್ಲ.

ಮೂರನೆಯದು ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿಕೊಟ್ಟಿತು. 1938ರ ನವೆಂಬರಿನಲ್ಲಿ ಜರ್ಮನಿಯ ಯಹೂದಿ ಮಂದಿರಗಳಿಗೂ ಅಂಗಡಿಗಳಿಗೂ ಬೆಂಕಿ ಬಿದ್ದ ಸುದ್ದಿಗೆ ಬ್ರಿಟನ್ನಿನಲ್ಲಿ ಎದ್ದ ಆಕ್ರೋಶ, ಅದರ ಬೆನ್ನಿಗೇ ಸುಮಾರು 10,000 ಮಕ್ಕಳಿಗೆ ದೊರೆತ ಪ್ರವೇಶ, ಹೆತ್ತವರಿಗೆ ದೊರೆಯದ ಪ್ರವೇಶ, ಮುಂದೆ ಮಕ್ಕಳು ದೇಶ ಬಿಡುವಾಗಿನ ಖರ್ಚಿಗೆಂದು ಕೇಳಲಾದ 50 ಪೌಂಡಿನ ಖಾತರಿ, ಇವನ್ನು ಉಪನ್ಯಾಸಕರು ಭಾವಾವೇಶವಿಲ್ಲದೆ ಒಂದರ ಪಕ್ಕ ಒಂದನ್ನಿಟ್ಟು ತೋರಿಸಿದರು. ಆಗ ಬ್ರಿಟಿಷರ ಆಡಳಿತದಲ್ಲಿದ್ದ ಪ್ಯಾಲೆಸ್ತೀನಿಗೆ ಹೋಗುವ ಯಹೂದಿಗಳನ್ನು ಐದು ವರ್ಷಗಳಲ್ಲಿ 75,000ಕ್ಕೆ ಸೀಮಿತಗೊಳಿಸಿದ 1939ರ ಸರ್ಕಾರಿ ಶ್ವೇತಪತ್ರದ ಪ್ರಸ್ತಾಪವೂ ಬಂದಿತು. 1942ರ ಡಿಸೆಂಬರ್ 17ರಂದು ವಿದೇಶಾಂಗ ಸಚಿವ ಆಂಟನಿ ಈಡನ್ ನಾಜಿಗಳ ಸಾಮೂಹಿಕ ಹತ್ಯೆಯ ಕುರಿತ ಹೇಳಿಕೆಯನ್ನು ಓದಿದ ಮೇಲೆ ಹೌಸ್ ಆಫ್ ಕಾಮನ್ಸ್‌ನ ಸದಸ್ಯರು ಎದ್ದು ನಿಂತು ಮೌನ ಆಚರಿಸಿದ್ದನ್ನೂ, ನಿರಾಶ್ರಿತರ ಪರವಾಗಿ ಸಂಸದೆ ಎಲಿನರ್ ರಾತ್‌ಬೋನ್ ಸರ್ಕಾರವನ್ನು ಬಿಡದೆ ಕಾಡಿದ್ದನ್ನೂ, ಆದರೂ ನಿರಾಶ್ರಿತರ ಕುರಿತು ಬ್ರಿಟನ್ ಮತ್ತು ಅಮೆರಿಕ 1943ರ ಏಪ್ರಿಲಿನಲ್ಲಿ ನಡೆಸಿದ ಬರ್ಮುಡಾ ಸಮ್ಮೇಳನದಿಂದ ಹೇಳಿಕೊಳ್ಳುವಂಥದ್ದೇನೂ ಹೊರಬರದಿದ್ದುದನ್ನೂ ಕೇಳಿದಾಗ, ಜನರ ಮರುಕಕ್ಕೂ ಸರ್ಕಾರದ ನಡೆಗೂ ನಡುವೆ ಇದ್ದ ಅಂತರ ಸ್ಪಷ್ಟವಾಯಿತು.

ಪ್ರಶ್ನೋತ್ತರದ ವೇಳೆ ಹಿರಿಯರೊಬ್ಬರು, 1930ರಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ಮಾಡಿದವರನ್ನು ಜೈಲಿಗೆ ಅಟ್ಟಿದ ಆಳ್ವಿಕೆಯ ಪ್ರಜೆಗಳು ಜರ್ಮನಿಯ ದೌರ್ಜನ್ಯಕ್ಕೆ ಮರುಗಿದ್ದನ್ನು ನಾವು ನಂಬಬೇಕೇ ಎಂದು ಕೇಳಿದರು. ಮರುಕ ಸುಳ್ಳಾಗಿರಲಿಲ್ಲ, ಅದಕ್ಕೊಂದು ಗಡಿ ಇತ್ತು ಎಂದು ಉಪನ್ಯಾಸಕರು ಉತ್ತರಿಸಿದರು. ಅವರು ಆ ಗಡಿಯ ಬಗ್ಗೆ ಇನ್ನಷ್ಟು ಮಾತನಾಡಬೇಕಿತ್ತು, ಆದರೆ ಆಯೋಜಕರು ಚೀಟಿ ಕಳುಹಿಸಿ ನಿಲ್ಲಿಸಿದರು. ಸಮಯಪಾಲನೆಯ ಬೆಲೆ ಇದು.

ಪುಸ್ತಿಕೆಯ ಕನ್ನಡ ಶುದ್ಧವಾಗಿದೆ, ಕಾಗದವೂ ಚೆನ್ನಾಗಿದೆ, ಆದರೆ ಡಮಾಸ್ಕಸ್, ಆ ಮಕ್ಕಳು ಬಂದಿಳಿದ ಇಂಗ್ಲೆಂಡಿನ ಬಂದರು ಹಾರಿಚ್ ಎಲ್ಲಿವೆಯೆಂದು ತೋರಿಸುವ ಒಂದು ನಕ್ಷೆಯೂ ಇಲ್ಲ. ಪರದೆಯ ಮೇಲಿನ ಪತ್ರಿಕೆಯ ಅಕ್ಷರಗಳು ಮೂರನೆಯ ಸಾಲಿನಿಂದಾಚೆಗೆ ಕಾಣುವುದಿಲ್ಲವಾದ್ದರಿಂದ ಮುಂದೆ ಕೂರುವುದು ಒಳ್ಳೆಯದು. ಸ್ಪರ್ಧಾತ್ಮಕ ಪರೀಕ್ಷೆಗೆ ಟಿಪ್ಪಣಿ ಬೇಕಾದವರಿಗೆ ಇದು ಹೆಚ್ಚು ಉಪಯೋಗಕ್ಕೆ ಬಾರದು. ಬಿಡಿ ಟಿಕೆಟ್ 120 ರೂಪಾಯಿಗೆ ಸಿಗುವುದರಿಂದ, ಸಮಯವಿಲ್ಲದವರು ಮೂರನೆಯ ಉಪನ್ಯಾಸವೊಂದಕ್ಕೇ ಹೋಗಬಹುದು.